ಎಡಗಡೆಯ ಎಣ್ಣೆ ಡಬ್ಬಿ

ಕಾರಿನ ಎ.ಸಿ. ಕೆಲಸಕ್ಕೆ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದು ತಂಪಿನ ಕೆಲಸ ಅಲ್ಲ. ತಂಪು ಕಾರಿನವರಿಗೆ. ನಮಗೆ ಸಿಗುವುದು ಇಂಜಿನ್ನಿನ ಬಿಸಿ, ತಗಡಿನ ಚಾವಣಿಯ ಬಿಸಿ, ಬಿಸಿಲಲ್ಲಿ ಬೆಂದು ಬಂದ ಗಿರಾಕಿಯ ಬಾಯಿಯ ಬಿಸಿ.

ಹೋದ ತಿಂಗಳು ಕೃಷ್ಣರಾಜಪುರದ ಒಂದು ತರಬೇತಿ ಶಾಲೆಯವರು ನನ್ನನ್ನು ಕರೆಸಿದ್ದರು. ನನ್ನ ಮೊಮ್ಮಗಳು ಅಲ್ಲಿ ಮೆಕ್ಯಾನಿಕ್ ಕೋರ್ಸಿಗೆ ಸೇರಿದ್ದಾಳೆ. ಶಾಲು ಹೊದಿಸಿದರು, ಕೈಗೆ ಮೈಕು ಕೊಟ್ಟರು, ಅನುಭವ ಹೇಳಿ ಅಜ್ಜಿ ಅಂದರು. ಹೇಳಿದೆ. ಹೇಳಿದ್ದಕ್ಕೆಲ್ಲ ಮಕ್ಕಳು ಚಪ್ಪಾಳೆ ತಟ್ಟಿದವು. ಚಪ್ಪಾಳೆ ಬೀಳುವಾಗ ಮನುಷ್ಯ ತಾನು ಮಾಡಿದ ತಪ್ಪನ್ನು ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅದು ಸರಿ ಕಾಣಲಿಲ್ಲ. ಅದಕ್ಕೆ ಕೂತು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಕಾಗುಣಿತ ತಪ್ಪಿದ್ದರೆ ಮೊಮ್ಮಗಳು ತಿದ್ದಲಿ. ವಿಷಯ ತಿದ್ದಬೇಡ ಎಂದು ಹೇಳಿದ್ದೇನೆ.

ನನ್ನ ಹೆಸರು ಹಂಪಮ್ಮ. ರಾಯಚೂರು ಕಡೆಯವಳು. ತೊಂಬತ್ತರ ದಶಕದ ಶುರುವಿನಲ್ಲಿ ಗಂಡ ಶರಣಪ್ಪ, ಎರಡು ಮಕ್ಕಳು, ಒಂದು ಟ್ರಂಕು ಸಮೇತ ಬೆಂಗಳೂರಿಗೆ ಬಂದು ಮರ್ಫಿ ಟೌನಿನಲ್ಲಿ ಒಂದು ಕೋಣೆ ಹಿಡಿದೆವು. ಅವನು ಕೃಷ್ಣರಾಜಪುರದ ಮಾರ್ಕೆಟ್ಟಿನಲ್ಲಿ ಮೂಟೆ ಹೊರಲು ಹೋದ. ನನಗೆ ಶಿವಾಜಿನಗರದ ಒಂದು ಗಲ್ಲಿಯಲ್ಲಿ ಕಾರ್ ಎ.ಸಿ. ಶೆಡ್ಡು ಗುಡಿಸುವ ಕೆಲಸ ಸಿಕ್ಕಿತು.

ಶೆಡ್ಡಿನ ಯಜಮಾನರು ಖಾದರ್ ಸಾಬ್. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ಬೆಳಿಗ್ಗೆ ಬಂದು ಚಹಾ ಕುಡಿಯುತ್ತ ಉರ್ದು ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದ್ದರು. ಆಮೇಲೆ ಯಾರಾದರೂ ಬಿಲ್ಲೋ ಚೀಟಿಯೋ ತಂದುಕೊಟ್ಟರೆ "ಐನಕ್ ಮನೇಲಿ ಬಿಟ್ ಬಂದಿದೀನಿ, ಆರೋಗ್ಯಂ, ನೀನೇ ಓದಪ್ಪಾ" ಅನ್ನುತ್ತಿದ್ದರು. ಪೇಪರಿಗೆ ಬೇಡವಾದ ಕನ್ನಡಕ ಚೀಟಿಗೆ ಯಾಕೆ ಬೇಕು ಎಂದು ನಾನು ಯಾವತ್ತೂ ಯೋಚಿಸಲಿಲ್ಲ.

ಆರೋಗ್ಯಂ ಅಂದರೆ ಹೆಡ್ ಮೆಕ್ಯಾನಿಕ್. ಹಲಸೂರಿನವನು, ಮನೆಯಲ್ಲಿ ತಮಿಳು, ಇಂಗ್ಲಿಷ್ ಓದು ಬರುತ್ತಿತ್ತು. ಕೆಲಸ ಚೆನ್ನಾಗಿ ಗೊತ್ತಿತ್ತು. ಗೊತ್ತಿದೆ ಎಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷ ನಾನು ಗುಡಿಸಿದೆ, ಚಹಾ ತಂದೆ, ಕಾರಿನ ಮೂತಿಯ ಹಿಂದೆ ಇರುವ ಜಾಲರಿಯಂಥ ಕಂಡೆನ್ಸರನ್ನು ಬ್ರಷ್ ಹಾಕಿ ತೊಳೆದೆ. ಆಗಿನ ಕಾರುಗಳಿಗೆ ಎ.ಸಿ. ಹುಟ್ಟುವಾಗಲೇ ಬರುತ್ತಿರಲಿಲ್ಲ. ಆಮೇಲೆ ತಂದು ಕೂರಿಸುತ್ತಿದ್ದರು. ಹಾಗೆ ಕೂರಿಸಿದ್ದ ದುಂಡು ಮೂತಿಯ ಹಳೇ ಬಿಳಿ ಕಾರೊಂದು ಒಂದು ಸಲ ಬಂತು. ಗ್ಯಾಸ್ ತುಂಬಿದರೆ ಒಂದು ವಾರ ತಂಪು, ಆಮೇಲೆ ಬರೀ ಗಾಳಿ. ಎಲ್ಲೋ ಸೋರುತ್ತಿದೆ. ಆರೋಗ್ಯಂ ಮೂರು ದಿನ ಹುಡುಕಿದ. ಅವನ ಹತ್ತಿರ ಒಂದು ಸಣ್ಣ ದೀಪ ಇತ್ತು. ಅದರ ಕೊಳವೆಯನ್ನು ಪೈಪಿನ ಉದ್ದಕ್ಕೂ ಓಡಿಸಿದರೆ ಗ್ಯಾಸ್ ಸೋರುವ ಕಡೆ ಜ್ವಾಲೆ ಹಸಿರಾಗುತ್ತಿತ್ತು. ಈ ಕಾರಿನಲ್ಲಿ ಹಸಿರಾಗಲೇ ಇಲ್ಲ.

ನಾನು ಕೆಳಗೆ ಗುಡಿಸುತ್ತಿದ್ದವಳು ತಲೆ ಎತ್ತಿ ನೋಡಿದೆ. ಪೈಪನ್ನು ಹಿಡಿದಿಟ್ಟಿದ್ದ ಒಂದು ಕ್ಲಿಪ್ಪಿನ ಕೆಳಗೆ ಬೆರಳಗಲ ಜಾಗದಲ್ಲಿ ಮಾತ್ರ ಧೂಳು ಕಪ್ಪಗೆ, ದಪ್ಪಗೆ ಅಂಟಿತ್ತು. ಗುಡಿಸುವವರಿಗೆ ಧೂಳಿನ ಜಾತಿ ಗೊತ್ತಾಗುತ್ತದೆ. ಒಣ ಧೂಳು ಎಲ್ಲ ಕಡೆ ಒಂದೇ ಸಮ ಕೂರುತ್ತದೆ. ಅಡುಗೆ ಮನೆಯ ಒಲೆ ಹಿಂದೆ ಕೂರುವ ಧೂಳು ಬೇರೆ. ಅದಕ್ಕೆ ಎಣ್ಣೆ ಬೇಕು.

"ಆರೋಗ್ಯಣ್ಣ, ಇಲ್ಲಿ ಜಿಡ್ಡು ಐತ್ರಿ," ಅಂದೆ.

"ಏನಮ್ಮಾ, ಪೊರಕೆಗೆ ಇವತ್ತು ರಜಾನಾ?" ಅಂದ ಅವನು.

ಉಸ್ತಾದ್ ಎದ್ದು ಬಂದರು. ಬೆರಳಿಟ್ಟು ನೋಡಿದರು. "ಇಂಜಿನ್ ಸ್ಟಾರ್ಟ್ ಮಾಡು," ಅಂದರು. ಇಂಜಿನ್ ಓಡಿ ಪೈಪು ಬಿಸಿಯಾಗಿ ನಡುಗತೊಡಗಿದ ಮೇಲೆ ದೀಪ ಹಿಡಿದರೆ ಜ್ವಾಲೆ ಗಿಣಿಯ ರೆಕ್ಕೆಯ ಹಾಗೆ ಹಸಿರಾಯಿತು. ಕ್ಲಿಪ್ಪು ಉಜ್ಜಿ ಉಜ್ಜಿ ಪೈಪನ್ನು ತಿಂದಿತ್ತು. ಇಂಜಿನ್ ನಿಂತಾಗ ಸೋರುತ್ತಿರಲಿಲ್ಲ.

ಮಕ್ಕಳೇ, ಇದನ್ನು ನೆನಪಿಡಿ. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಹೊರಗೆ ಬರುವಾಗ ಒಳಗಿನ ಎಣ್ಣೆಯನ್ನು ಜೊತೆಗೆ ತರುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಬಾನೆಟ್ ಎತ್ತಿದ ಕೂಡಲೇ ತೊಳೆಯಲು ಹೋಗಬೇಡಿ. ಕೊಳೆ ಏನು ಹೇಳುತ್ತದೆ ಎಂದು ಮೊದಲು ನೋಡಿ.

ಆ ಸಂಜೆ ಉಸ್ತಾದ್ ನನ್ನನ್ನು ಕರೆದರು. ಕೈಯಲ್ಲಿ ಗೇಜ್ ಇತ್ತು. ಗಡಿಯಾರದಂಥ ಎರಡು ಮುಖ, ಒಳಗೆ ಮುಳ್ಳು, ಒಂದು ನೀಲಿ, ಒಂದು ಕೆಂಪು, ಕೆಳಗೆ ಮೂರು ರಬ್ಬರ್ ಪೈಪು. ಕಾರಿನ ಒಳಗಿನ ಒತ್ತಡ ನೋಡುವ ಸಾಧನ. ಡಾಕ್ಟರಿಗೆ ನಾಡಿ ಹೇಗೋ ನಮಗೆ ಇದು ಹಾಗೆ.

"ಹಂಪಮ್ಮಾ, ನಂಬರ್ ಓದಕ್ಕೆ ಬರುತ್ತಾ?"

"ನಂಬರ್ ಬರತೈತ್ರಿ. ಇಂಗ್ಲಿಷ್ ಅಕ್ಷರ ಬರಂಗಿಲ್ಲ."

"ನಂಬರ್ ಸಾಕು. ನಾಳೆಯಿಂದ ಕಲಿ. ಆದ್ರೆ ಒಂದು ಮಾತು ಕೇಳು. ಕಾರಿನ ವಿಷಯದಲ್ಲಿ ನಂಗೆ ಸುಳ್ಳು ಹೇಳಿದ ದಿನ ಗೇಜ್ ವಾಪಸ್, ಮತ್ತೆ ಪೊರಕೆ. ಸಮಜ್ ಗಯಾ?"

"ಆಗ್ಲಿರಿ," ಅಂದೆ. ಮನೆಗೆ ಹೋಗಿ ಹೇಳಿದರೆ ಶರಣಪ್ಪ ನಕ್ಕ. "ಕಾರಿನೊಳಗ ಕುಂತೇ ಇಲ್ಲ, ಕಾರ್ ರಿಪೇರಿ ಮಾಡ್ತಾಳಂತ," ಅಂದ. ಅವನು ನಗಲಿ ಎಂದು ಬಿಟ್ಟೆ. ಆದರೆ ಆ ಗೇಜ್ ಕೈಬಿಟ್ಟು ಹೋಗಬಾರದು ಎಂಬ ಒಂದು ಆಸೆ ಅವತ್ತು ಹತ್ತಿದ್ದು ಇಪ್ಪತ್ತು ವರ್ಷ ಬಿಡಲಿಲ್ಲ. ಪೊರಕೆ ಹಿಡಿದವಳನ್ನು ಗಲ್ಲಿಯವರು "ಏಯ್" ಅನ್ನುತ್ತಿದ್ದರು. ಗೇಜ್ ಹಿಡಿದ ಮೇಲೆ ಅದೇ ಜನ "ಹಂಪಮ್ಮಾ" ಅಂದರು. ಅಷ್ಟೇ ವಿಷಯ.

ಸೋರಿಕೆ ಹುಡುಕಲು ಎಲ್ಲರೂ ಬಟ್ಟೆ ಸೋಪಿನ ಪುಡಿಯ ನೀರು ಹಚ್ಚುತ್ತಿದ್ದರು. ಆ ನೊರೆ ಬೇಗ ಸಾಯುತ್ತದೆ. ನಾನು ರಸೆಲ್ ಮಾರ್ಕೆಟ್ ಕಡೆಯಿಂದ ಅಂಟುವಾಳಕಾಯಿ ತಂದು ನೆನೆಸಿ ಹಿಸುಕಿ ಆ ನೀರು ಹಚ್ಚಿದೆ. ಅದರ ನೊರೆ ಗಟ್ಟಿ. ಒಂದು ಕಡೆ ಸೂಜಿ ಮೊನೆಯಷ್ಟು ಸೋರಿದರೂ ಗುಳ್ಳೆ ಮೆಲ್ಲಗೆ ಏಳುತ್ತದೆ, ಎದ್ದು ನಿಲ್ಲುತ್ತದೆ. ಆರೋಗ್ಯಂ ಮೂಗು ಮುರಿದ. "ಕಾರಿಗೆ ಎಣ್ಣೆ ಸ್ನಾನ ಮಾಡಿಸ್ತಾ ಇದೀಯಾ? ಸಾಂಬ್ರಾಣಿ ಹೊಗೆನೂ ಹಾಕು!" ಅಂದ. ಒಂದು ತಿಂಗಳಾದ ಮೇಲೆ ಅವನೇ ನನ್ನ ಡಬರಿಯಿಂದ ಕದ್ದು ಹಚ್ಚುತ್ತಿದ್ದ.

ಇಂದಿರಾನಗರದ ಒಬ್ಬ ಡಾಕ್ಟರಮ್ಮ ಬಂದರು. ಎ.ಸಿ. ಹಾಕಿದರೆ ಎಡಗಾಲಿನ ಮೇಲೆ ನೀರು ತೊಟ್ಟಿಕ್ಕುತ್ತದೆ. ಬೇರೆ ಯಾರೋ ಒಳಗಿನ ಕಾಯಿಲ್ ತೂತಾಗಿದೆ, ಇಡೀ ಡ್ಯಾಶ್ ಬಿಚ್ಚಬೇಕು ಎಂದು ಹೆದರಿಸಿದ್ದರು. ನಾನು ಕೇಳಿದೆ: "ಕಾರ್ ಎಲ್ಲಿ ನಿಲ್ಲಿಸ್ತೀರಿ ಅಮ್ಮಾ?" ಮಳೆಮರದ ಕೆಳಗೆ ಅಂದರು. ಅಷ್ಟು ಸಾಕಾಯಿತು. ಎ.ಸಿ. ಒಳಗೆ ನೀರು ಇಳಿಯುವುದು ಸಹಜ. ಅದು ಹೊರಗೆ ಹೋಗಲು ಕೆಳಗೆ ಒಂದು ಕಿರುಬೆರಳಿನಂಥ ಕೊಳವೆ ಇರುತ್ತದೆ. ಕಾರಿನ ಕೆಳಗೆ ಮಲಗಿ ಅದರೊಳಗೆ ತಂತಿ ಹಾಕಿ ತಿರುವಿದೆ. ಕೊಳೆತ ಎಲೆಯ ರಾಡಿ, ಹಿಂದೆಯೇ ಅರ್ಧ ಬಕೆಟ್ ನೀರು, ನೇರ ನನ್ನ ಮುಖದ ಮೇಲೆ. ಡಾಕ್ಟರಮ್ಮ ಬಗ್ಗಿ ನೋಡಿ, "ಇಷ್ಟೇನಾ?" ಅಂದರು. "ಇಷ್ಟೇ ರೀ. ನೀವು ಟವೆಲ್ ಇದ್ರೆ ಕೊಡ್ರಿ," ಅಂದೆ. ಬಾಯಿ ಬಿಟ್ಟುಕೊಂಡು ಕೆಳಗೆ ಮಲಗಬೇಡಿ. ಅದನ್ನು ನಾನು ಅವತ್ತು ಕಲಿತೆ.

ನಂಜುಂಡ ಬಂದದ್ದೂ ಆಗಲೇ. ಹಲಸೂರಿನ ಟ್ಯಾಕ್ಸಿಯವನು, ಹಳೇ ಏರ್‌ಪೋರ್ಟಿಗೆ ಜನರನ್ನು ಬಿಡುತ್ತಿದ್ದ. ಮೂರು ಕಡೆ ಗ್ಯಾಸ್ ತುಂಬಿಸಿಕೊಂಡು, ಮೂರು ಕಡೆ ಬೈದು ಬಂದಿದ್ದ.

"ಅಕ್ಕಾ, ಓಡ್ತಾ ಇದ್ರೆ ಐಸು. ಟಿನ್ ಫ್ಯಾಕ್ಟರಿ ಹತ್ರ ಜಾಮಲ್ಲಿ ನಿಂತ್ರೆ ಬೆಂಕಿ. ಪ್ಯಾಸೆಂಜರ್ ನನ್ನೇ ಸುಡ್ತಾರೆ."

ಗೇಜ್ ಹಚ್ಚುವ ಮುಂಚೆಯೇ ನನಗೆ ಅರ್ಧ ತಿಳಿಯಿತು. ಓಡುವಾಗ ಎದುರು ಗಾಳಿ ಕಂಡೆನ್ಸರನ್ನು ಆರಿಸುತ್ತದೆ. ನಿಂತಾಗ ಆರಿಸಬೇಕಾದ್ದು ಫ್ಯಾನು. ಫ್ಯಾನಿನ ವೈರು ಕಳಚಿ ತಿಂಗಳಾಗಿತ್ತು. ಸಿಕ್ಕಿಸಿದೆ, ತಿರುಗಿತು. ನಂಜುಂಡ ಕೈ ಮುಗಿದ. "ಇನ್ಮೇಲೆ ನನ್ನ ಗಾಡಿ ಅಕ್ಕಾ ಮುಟ್ಟಿದ್ರೆ ಮಾತ್ರ. ಏನ್ ಗುರು ಆರೋಗ್ಯಂ, ಬೇಜಾರಿಲ್ಲ ತಾನೇ?" ಅಂದ. ಆರೋಗ್ಯಂ ಸ್ಪ್ಯಾನರ್ ತೋರಿಸಿದ. ಅಂದಿನಿಂದ ನಂಜುಂಡ ನನ್ನ ಗಿರಾಕಿ. ಬಂದಾಗಲೆಲ್ಲ ಮಕ್ಕಳಿಗೆಂದು ಒಂದು ಪೊಟ್ಟಣ ಬಾಳೆಕಾಯಿ ಚಿಪ್ಸ್ ತರುತ್ತಿದ್ದ. ಸಾಮಾನು ಬಿಚ್ಚುವ ಮುಂಚೆ ಗಿರಾಕಿಯನ್ನು ಮಾತಾಡಿಸಿ. ಯಾವಾಗ, ಎಲ್ಲಿ, ಎಷ್ಟು ಹೊತ್ತು ಆದ ಮೇಲೆ ಎಂದು ಕೇಳಿ. ಅರ್ಧ ರಿಪೇರಿ ಅವರ ಬಾಯಲ್ಲಿ ಇರುತ್ತದೆ.

ಆಮೇಲೆ ಹೊಸ ಗ್ಯಾಸ್ ಬಂತು. ಹಳೇ ಗ್ಯಾಸ್ ಆಕಾಶಕ್ಕೆ ಹೋಗಿ ಕೆಡುಕು ಮಾಡುತ್ತದೆಯಂತೆ, ಇನ್ನು ಮುಂದಿನ ಕಾರುಗಳಿಗೆ ಬೇರೆ ಗ್ಯಾಸ್ ಅಂದರು. ನಾವು ಅಷ್ಟು ವರ್ಷ ಪೈಪು ಬಿಚ್ಚುವಾಗ ಬುಸ್ಸೆಂದು ಗಾಳಿಗೇ ಬಿಡುತ್ತಿದ್ದೆವು. ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಈಗ ಅದನ್ನು ಹೀರಿ ತುಂಬಿಕೊಳ್ಳುವ ಯಂತ್ರ ಇದೆ. ನೀವು ಗಾಳಿಗೆ ಬಿಡಬೇಡಿ.

ಹೊಸ ಗ್ಯಾಸಿಗೆ ಆರೋಗ್ಯಂನ ದೀಪ ಹಸಿರಾಗಲಿಲ್ಲ. ಎಷ್ಟು ಹಿಡಿದರೂ ನೀಲಿಯೇ. ಅವನು ಎರಡು ದಿನ ದೀಪವನ್ನೇ ಬಿಚ್ಚಿ ರಿಪೇರಿ ಮಾಡಿದ. ಆಮೇಲೆ ಸುಮ್ಮನೆ ಮೇಲಿನ ಅಟ್ಟದಲ್ಲಿಟ್ಟ. ನನ್ನ ಅಂಟುವಾಳ ಎರಡು ಗ್ಯಾಸಿಗೂ ನಡೆಯಿತು. ನಾನು ಏನೂ ಅನ್ನಲಿಲ್ಲ. ಅನ್ನಬೇಕೆನಿಸಿತ್ತು.

ಹೊಸ ಗ್ಯಾಸಿನ ಜೊತೆ ಹೊಸ ಎಣ್ಣೆಯೂ ಬಂತು. ನನ್ನ ತಪ್ಪು ಇದರಲ್ಲೇ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಇದೆಯಲ್ಲ, ಅದಕ್ಕೆ ಎಣ್ಣೆಯನ್ನು ಗ್ಯಾಸೇ ಹೊತ್ತುಕೊಂಡು ತಿರುಗಬೇಕು. ಹಳೇ ಗ್ಯಾಸ್ ಹಳೇ ಎಣ್ಣೆಯನ್ನು ಹೊರುತ್ತದೆ. ಹೊಸ ಗ್ಯಾಸ್ ಹಳೇ ಎಣ್ಣೆಯನ್ನು ಹೊರುವುದಿಲ್ಲ. ಅದು ಎಲ್ಲೋ ಒಂದು ಮೂಲೆಯಲ್ಲಿ ಕೂರುತ್ತದೆ, ಕಂಪ್ರೆಸರ್ ಒಣಗಿ ಅರಚಿ ಕೊನೆಗೆ ತಿರುಗದೆ ಹಿಡಿದುಕೊಳ್ಳುತ್ತದೆ. ಎರಡೂ ಎಣ್ಣೆ ಒಂದೇ ಅಂಗಡಿಯಿಂದ, ಒಂದೇ ಥರದ ತಗಡಿನ ಡಬ್ಬಿಯಲ್ಲಿ ಬರುತ್ತಿದ್ದವು. ಮೇಲೆ ಇಂಗ್ಲಿಷ್ ಚೀಟಿ. ಆರೋಗ್ಯಂ ಓದಿ ಹಾಕುತ್ತಿದ್ದ. ನಾನು ಜಾಗ ನೋಡಿ ಹಾಕುತ್ತಿದ್ದೆ. ಕಪಾಟಿನಲ್ಲಿ ಎಡಗಡೆ ಹೊಸ ಎಣ್ಣೆ, ಬಲಗಡೆ ಹಳೆಯದು. ಇದನ್ನು ಯಾರಿಗೂ ಹೇಳಿರಲಿಲ್ಲ. ಓದು ಬರುವುದಿಲ್ಲ ಎಂದು ಒಂದು ಸಲ ಹೇಳಿದ್ದಾಗಿತ್ತು, ದಿನಾ ಯಾಕೆ ಹೇಳಬೇಕು ಎಂದು.

ಆ ವರ್ಷದ ಆಯುಧ ಪೂಜೆ ಬಂತು. ನಮ್ಮ ಶೆಡ್ಡಿನಲ್ಲಿ ಪೂಜೆ ಜೋರು. ಬೂದುಗುಂಬಳಕಾಯಿ, ಬಾಳೆಕಂದು, ಕಡಲೆಪುರಿ ಎಲ್ಲ ಉಸ್ತಾದರೇ ತರಿಸುವರು. ಆರೋಗ್ಯಂ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸುವನು. ತೊಳೆದು ಒರೆಸಿ ಕುಂಕುಮ ಇಡುವುದು ನನ್ನ ಪಾಲು. ಆ ಸಲ ನನಗೆ ಹುರುಪು ಹೆಚ್ಚು. ಗೇಜ್ ಒರೆಸಿದೆ, ಕಪಾಟು ಖಾಲಿ ಮಾಡಿ ತೊಳೆದೆ, ಎಣ್ಣೆ ಡಬ್ಬಿಗಳ ಜಿಡ್ಡು ತಿಕ್ಕಿ ಬಿಸಿಲಿಗಿಟ್ಟೆ, ಎರಡಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು, ಎತ್ತಿ ಕಪಾಟಿನಲ್ಲಿ ಚೆಂದವಾಗಿ ಜೋಡಿಸಿದೆ. ಚೆಂದವಾಗಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಮರುದಿನವೇ ಆರೋಗ್ಯಂ ತಂಗಿಯ ಮದುವೆ ಎಂದು ಕೋಲಾರದ ಕಡೆ ಹೋದ. ಹತ್ತು ದಿನ ಶೆಡ್ಡಿನಲ್ಲಿ ಕೆಲಸ ಮಾಡುವವರು ನಾನು ಮತ್ತು ಉಸ್ತಾದ್. ಡಾಕ್ಟರಮ್ಮನ ಕಾರಿಗೆ ಪೈಪು ಬದಲಾಯಿಸಿದೆ. ಫ್ರೇಜರ್ ಟೌನಿನ ಒಬ್ಬ ವಕೀಲರದ್ದು ಬಂತು. ನಂಜುಂಡನದೂ ಬಂತು, ಒಂದು ಜಾಯಿಂಟ್ ಸೋರುತ್ತಿತ್ತು. ಇನ್ನೂ ಎರಡು ಬಂದವು. ಎಲ್ಲವೂ ಹೊಸ ಗ್ಯಾಸಿನ ಕಾರು. ಎಲ್ಲಕ್ಕೂ ಎಡಗಡೆಯ ಡಬ್ಬಿಯಿಂದ ಎಣ್ಣೆ ಹಾಕಿದೆ. ಎಲ್ಲವೂ ತಣ್ಣಗೆ ಓಡಿಕೊಂಡು ಹೋದವು.

ಆರೋಗ್ಯಂ ವಾಪಸ್ಸು ಬಂದ ದಿನ ಮಧ್ಯಾಹ್ನ ವಕೀಲರ ಕಾರು ತಿರುಗಿ ಬಂತು. ಎ.ಸಿ. ಹಾಕಿದರೆ ಕಂಪ್ರೆಸರ್ ಕೂಗುತ್ತಿತ್ತು. ಆರೋಗ್ಯಂ ಬಿಚ್ಚಿ ನೋಡಿ, "ಒಣಗಿ ಹೋಗಿದೆ ಉಸ್ತಾದ್. ಸ್ಪೇರ್ಸ್ ಅಂಗಡಿಯವನು ಡೂಪ್ಲಿಕೇಟ್ ಎಣ್ಣೆ ಕೊಟ್ಟವ್ನೆ," ಅಂದ. ಉಸ್ತಾದ್ ಬೆಳಗಿನ ಪೇಪರನ್ನೇ ಮತ್ತೆ ಬಿಡಿಸಿಕೊಂಡು ಕೂತರು.

ನಾನು ಕಪಾಟಿನ ಹತ್ತಿರ ಹೋದೆ. ಎಡಗಡೆಯ ಡಬ್ಬಿಯಲ್ಲಿ ಬೆರಳು ಅದ್ದಿ ಉಜ್ಜಿದೆ. ಬಲಗಡೆಯದನ್ನೂ ಉಜ್ಜಿದೆ. ಕೈಗೆ ತಿಳಿಯಿತು. ಹತ್ತು ದಿನದಲ್ಲಿ ಒಮ್ಮೆ ಉಜ್ಜಿ ನೋಡಿದ್ದರೂ ತಿಳಿಯುತ್ತಿತ್ತು. ಕುಂಕುಮ ಹಚ್ಚಿದ ಡಬ್ಬಿಯ ಮೇಲಿನ ಭಕ್ತಿಯಲ್ಲಿ ಬೆರಳು ಹಾಕಿರಲಿಲ್ಲ.

ಆಗ ಹೇಳಬೇಕಾಗಿತ್ತು. ಹೇಳಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ನನಗೆ ಕಂಡದ್ದು ಗೋಡೆಗೆ ನೇತುಹಾಕಿದ್ದ ಗೇಜ್, ಅದರ ಕೆಳಗೆ ಮೂಲೆಯಲ್ಲಿ ನಿಂತಿದ್ದ ಪೊರಕೆ. ಅಂಗಡಿಯವನ ಎಣ್ಣೆಯೇ ಕೆಟ್ಟದ್ದು ಎಂದು ಎಲ್ಲರೂ ನಂಬಿದರೆ ನಂಬಲಿ ಅಂದುಕೊಂಡು ಮನೆಗೆ ಹೋದೆ. ರೊಟ್ಟಿ ಮಾಡಿದೆ. ಉಪ್ಪು ಹಾಕಲಿಲ್ಲ ಎಂದು ಶರಣಪ್ಪ ಬೈದ.

ಮರುದಿನ ಬೆಳಿಗ್ಗೆ ನಂಜುಂಡ ಕಾರನ್ನು ಇನ್ನೊಂದು ಟ್ಯಾಕ್ಸಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಇಳಿದವನು ಹರಿದ ಬೆಲ್ಟನ್ನು ನನ್ನ ಕಾಲ ಹತ್ತಿರ ಎಸೆದ. ಹಿಂದಿನ ಸಂಜೆ ಏರ್‌ಪೋರ್ಟಿಗೆ ಹೋಗುವಾಗ ಕಂಪ್ರೆಸರ್ ಹಿಡಿದುಕೊಂಡಿತ್ತು, ಬೆಲ್ಟು ಹರಿದಿತ್ತು, ಇಂಜಿನ್ ಕುದಿದು ನಡುರಸ್ತೆಯಲ್ಲಿ ನಿಂತಿತ್ತು. ಪ್ಯಾಸೆಂಜರಿಗೆ ವಿಮಾನ ತಪ್ಪಿತ್ತು.

"ಅಕ್ಕಾ, ಏನ್ ಹಾಕಿದ್ರಿ ಅದಕ್ಕೆ? ನಿಮ್ಮನ್ನ ನಂಬಿ ಬಿಟ್ಟಿದ್ದೆ ಕಣಕ್ಕಾ. ಆವಯ್ಯ ಎಲ್ಲರ ಮುಂದೆ ನನ್ನ ಅಮ್ಮನ ತನಕ ಬೈದ."

ಆರೋಗ್ಯಂ ಅಡ್ಡ ಬಂದ. "ಏಯ್ ಮಗಾ, ಆಯಮ್ಮಂದೇನಿಲ್ಲ. ಎಣ್ಣೆ ಡೂಪ್ಲಿಕೇಟು. ಈಗ್ಲೇ ಅಂಗಡಿಯವನ ಕಾಲರ್ ಹಿಡೀತೀನಿ, ಬಾ."

ನನ್ನನ್ನು ಹತ್ತು ವರ್ಷ ಹಂಗಿಸಿದ ಮನುಷ್ಯ ನನ್ನ ಪರ ಮಾತಾಡುತ್ತಿದ್ದ. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಯಾರ ಕಾಲರೂ ಹಿಡಿಬ್ಯಾಡ್ರಿ," ಅಂದೆ. "ಎಣ್ಣೆ ಸರಿ ಐತಿ. ಡಬ್ಬಿ ಅದಲು ಬದಲಾಗ್ಯಾವ. ಪೂಜೆ ದಿನ ಇಟ್ಟಾಕಿ ನಾನ. ನನಗ ಚೀಟಿ ಓದಾಕ ಬರಂಗಿಲ್ಲ, ಜಾಗ ನೋಡಿ ಹಾಕ್ತಿದ್ದೆ. ಐದು ಕಾರಿಗೆ ಹಾಕೀನಿ."

ಆರೋಗ್ಯಂ ಓಡಿ ಹೋಗಿ ಚೀಟಿ ಓದಿದ. "ಅಯ್ಯೋ ಕಡವುಳೇ," ಅಂದ. ನಂಜುಂಡ ಬಗ್ಗಿ ಬೆಲ್ಟು ಎತ್ತಿಕೊಂಡ. ನಾನು ಗೋಡೆಯ ಮೇಲಿಂದ ಗೇಜ್ ತೆಗೆದು ಉಸ್ತಾದರ ಮೇಜಿನ ಮೇಲಿಟ್ಟೆ. ಮೂಲೆಗೆ ಹೋಗಿ ಪೊರಕೆ ಎತ್ತಿಕೊಂಡೆ.

"ಐದಲ್ಲ," ಅಂದರು ಉಸ್ತಾದ್. "ಏಳು."

"ಐದೇ ರೀ. ನಂಗ ನೆನಪೈತಿ."

"ನೀನು ಐದಕ್ಕೆ ಹಾಕಿದೀಯಾ. ನಾನು ಎರಡಕ್ಕೆ ಹಾಕಿದೀನಿ. ಅದೇ ಎಡಗಡೆ ಡಬ್ಬಿಯಿಂದ."

"ನೀವು ಓದಿ ಹಾಕಿರ್ತೀರಿ, ಉಸ್ತಾದ್."

"ಏನ್ ಓದೋದು ಹಂಪಮ್ಮಾ?" ಅವರು ಪೇಪರನ್ನು ಮಡಿಸಿ ಕೆಳಗಿಟ್ಟರು. "ಉರ್ದು ಬಿಟ್ಟು ಒಂದು ಅಕ್ಷರ ನಂಗೆ ಬರಲ್ಲ. ಇಪ್ಪತ್ತು ವರ್ಷದಿಂದ ಐನಕ್ ಮನೇಲಿ ಬಿಟ್ ಬರ್ತಾ ಇದೀನಿ. ಮನೇಲಿ ಐನಕ್ಕೇ ಇಲ್ಲ."

ಗಲ್ಲಿಯಲ್ಲಿ ಗಾಡಿಯವನೊಬ್ಬ ಕೊತ್ತಂಬರಿ ಕೂಗಿಕೊಂಡು ಹೋದ.

"ಪೊರಕೆ ಕೆಳಗಿಡು," ಅಂದರು. "ಸುಳ್ಳು ಹೇಳಿದ್ರೆ ಪೊರಕೆ ಅಂದಿದ್ದೆ. ತಪ್ಪು ಮಾಡಿದ್ರೆ ಅಂತ ಯಾವತ್ತು ಅಂದಿದ್ದೆ? ಗೇಜ್ ತಗೋ. ಇನ್ನೂ ಐದು ಕಾರು ರಸ್ತೆ ಮೇಲಿದಾವೆ."

ಗೇಜ್ ತೆಗೆದುಕೊಂಡೆ. ಹಿಂದಿನ ದಿನವೇ ಗೊತ್ತಿತ್ತು ಎಂದು ಆಗಲೂ ಹೇಳಲಿಲ್ಲ.

ಆ ಕಾಲದಲ್ಲಿ ಎಲ್ಲರ ಹತ್ತಿರ ಮೊಬೈಲ್ ಇರಲಿಲ್ಲ. ನಾವೂ ಗಿರಾಕಿಯ ವಿಳಾಸ ಬರೆದಿಡುತ್ತಿರಲಿಲ್ಲ. ಬರೆಯುವವರು ಯಾರು? ಆರೋಗ್ಯಂ ತಲೆ ಚಚ್ಚಿಕೊಂಡ. ನನಗೆ ಕಾರಿನ ನಂಬರಾಗಲಿ ಮುಖವಾಗಲಿ ನೆನಪಿರುವುದಿಲ್ಲ. ಆದರೆ ಕಂಡೆನ್ಸರ್ ತೊಳೆದದ್ದು ನೆನಪಿರುತ್ತದೆ. ಒಂದರಲ್ಲಿ ಮಳೆಮರದ ಎಲೆ, ಅದು ಡಾಕ್ಟರಮ್ಮ. ಒಂದರಲ್ಲಿ ಮೈದಾ ಹಿಟ್ಟು ನೀರಿಗೆ ಅಂಟಂಟಾಗಿ ಬಂದಿತ್ತು. ಯಾವುದೋ ಬೇಕರಿ, ಕಮ್ಮನಹಳ್ಳಿ ಕಡೆ ಅಂದಿದ್ದ ನೆನಪು. ಒಂದರಲ್ಲಿ ಬಿಳಿ ಕಲ್ಲುಪುಡಿ. ಒಂದರಲ್ಲಿ ಕೋಳಿ ಪುಕ್ಕ.

"ಪುಕ್ಕ ನಂದು," ಅಂದರು ಉಸ್ತಾದ್. "ರಸೆಲ್ ಮಾರ್ಕೆಟ್ಟಿನ ಕೋಳಿ ವ್ಯಾಪಾರಿ. ನನ್ನ ಸಂಬಂಧಿ. ನಾನು ಹಾಕಿದ ಇನ್ನೊಂದು ಕಾರು ಅವನ ತಮ್ಮಂದು. ಅವನ ಬೈಗುಳ ನಾನೇ ತಿಂತೀನಿ, ನೀವು ಬೇರೆ ಕಡೆ ಹೋಗಿ."

ಆರೋಗ್ಯಂನ ಸ್ಕೂಟರಿನ ಹಿಂದೆ ನಾನು ಕೂತೆ, ತೊಡೆಯ ಮೇಲೆ ಗೇಜ್. ಮೊದಲು ಇಂದಿರಾನಗರ. ಡಾಕ್ಟರಮ್ಮ ಅಂದು ಕಾರು ತೆಗೆದೇ ಇರಲಿಲ್ಲ. ವಿಷಯ ಹೇಳಿದೆ. "ನಮ್ಮಲ್ಲೂ ಔಷಧಿ ಬಾಟ್ಲಿ ಒಂದೇ ಥರ ಇರುತ್ತೆ ಹಂಪಮ್ಮಾ. ನಾನು ಓದು ಬರೋಳು, ಆದ್ರೂ ಎರಡೆರಡು ಸಲ ನೋಡ್ತೀನಿ," ಅಂದರು. ಕೀ ಕೊಟ್ಟು ಕಾಫಿಯನ್ನೂ ಕೊಟ್ಟರು. ಆಮೇಲೆ ಕಮ್ಮನಹಳ್ಳಿಯ ಮೇನ್ ರೋಡಿನಲ್ಲಿ ಒಂದೊಂದೇ ಬೇಕರಿಯ ಮುಂದೆ ನಿಂತು ಕೇಳಿದೆವು. ಆರನೆಯ ಬೇಕರಿಯವನು ಬ್ರೆಡ್ ಕತ್ತರಿಸುತ್ತ, "ಎ.ಸಿ. ಚೆನ್ನಾಗೇ ಇದೆಯಲ್ಲಮ್ಮ, ಯಾಕೆ ಬಿಚ್ಚೋಕೆ ಬಂದಿದೀರಾ?" ಅಂದ.

"ನಾಳೆ ಚೆನ್ನಾಗಿರಲ್ಲ ರೀ, ಅದಕ್ಕೆ," ಅಂದೆ.

"ಇಂಥ ಮೆಕ್ಯಾನಿಕ್ಕನ್ನ ನಾನು ನೋಡೇ ಇಲ್ಲ," ಅಂದ. ಆರೋಗ್ಯಂ ಹಿಂದಿನಿಂದ, "ನಾನೂ ನೋಡಿರ್ಲಿಲ್ಲ ಗುರು," ಅಂದ. ಹೊಗಳಿದನೋ ತೆಗಳಿದನೋ ನಾನು ಕೇಳಲು ಹೋಗಲಿಲ್ಲ.

ಕಲ್ಲುಪುಡಿಯದು ಕೃಷ್ಣರಾಜಪುರದ ಆಚೆ ಒಬ್ಬ ಕಲ್ಲಿನ ವ್ಯಾಪಾರಿಯದು. ಅದನ್ನು ತೋರಿಸಿಕೊಟ್ಟವನು ನನ್ನ ಗಂಡ. ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿ, ಸ್ಕೂಟರಿಗೆ ಕೈ ಅಡ್ಡ ಹಾಕಿ, "ಏನ ಇದು, ಮೆರವಣಿಗಿ ಹೊಂಟೀರಿ?" ಎಂದು ಕೇಳಿದ. ಹೇಳಿದೆ. ಅವನು ನಗಲಿಲ್ಲ. ಆ ಊರೆಲ್ಲ ಅವನಿಗೆ ಗೊತ್ತಿತ್ತು, ಕರೆದುಕೊಂಡು ಹೋದ. ಮೂರು ದಿನದಲ್ಲಿ ಐದೂ ಸಿಕ್ಕವು. ಎಲ್ಲ ಬಿಚ್ಚಿ, ಒಳಗೆಲ್ಲ ತೊಳೆದು, ಸರಿ ಎಣ್ಣೆ, ಸರಿ ಗ್ಯಾಸ್. ಒಂದೂ ಹಾಳಾಗಲಿಲ್ಲ. ವಕೀಲರಿಗೂ ನಂಜುಂಡನಿಗೂ ಉಸ್ತಾದ್ ಹೊಸ ಕಂಪ್ರೆಸರ್ ಹಾಕಿಸಿಕೊಟ್ಟರು. ನಂಜುಂಡನ ಕಾರಿಗೆ ನಾನೇ ಕೂರಿಸಿದೆ. ಅವನು ಸ್ಟಾರ್ಟ್ ಮಾಡಿ, ಕೈ ಒಡ್ಡಿ ಗಾಳಿ ನೋಡಿ, "ಸರಿಯಾಗಿದೆ," ಅಂದ. ಅಕ್ಕಾ ಅನ್ನಲಿಲ್ಲ. ಮತ್ತೆ ನಮ್ಮ ಶೆಡ್ಡಿಗೆ ಬರಲೂ ಇಲ್ಲ. ಅವನು ಮಾಡಿದ್ದು ಸರಿ.

ಆಮೇಲೆ ನಾನು ಕೈಯಿಂದ ಒಂದು ಹಸಿರು ಪ್ಲಾಸ್ಟಿಕ್ ಬಳೆ ತೆಗೆದು ಹೊಸ ಎಣ್ಣೆಯ ಡಬ್ಬಿಯ ಕುತ್ತಿಗೆಗೆ ಹಾಕಿದೆ. ಡಬ್ಬಿ ಖಾಲಿಯಾದರೆ ಬಳೆ ಮುಂದಿನ ಡಬ್ಬಿಗೆ. ಹಾಕುವ ಮುಂಚೆ ಆರೋಗ್ಯಂ ಚೀಟಿ ಓದಿ ಹೇಳಬೇಕು, ನಾನೂ ಉಸ್ತಾದರೂ ಬೆರಳಲ್ಲಿ ಉಜ್ಜಬೇಕು. ಮಧ್ಯಾಹ್ನ ಊಟ ಆದ ಮೇಲೆ ಆರೋಗ್ಯಂ ನಮ್ಮಿಬ್ಬರನ್ನೂ ಕೂರಿಸಿಕೊಂಡು ಸೀಮೆಸುಣ್ಣದಲ್ಲಿ ನೆಲದ ಮೇಲೆ ಇಂಗ್ಲಿಷ್ ಅಕ್ಷರ ಬರೆಸುತ್ತಿದ್ದ. ಬೈದುಕೊಂಡೇ ಕಲಿಸಿದ. ಡಬ್ಬಿಯ ಚೀಟಿ ಓದುವಷ್ಟು ಕಲಿತೆವು. ಈ ಮೂರು ಜನ ನನ್ನನ್ನು ಮನುಷ್ಯರ ಹಾಗೆ ನಡೆಸಿಕೊಂಡರು: ಕಲಿಸಿದವನು, ಜೊತೆಗೆ ಕಲಿತವರು, ಊರು ತೋರಿಸಿದವನು. ನಂಜುಂಡನನ್ನೂ ಸೇರಿಸುತ್ತೇನೆ. ಅವನು ಬೆಲ್ಟು ಎಸೆಯದೇ ಹೋಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.

ಏರ್‌ಪೋರ್ಟು ದೇವನಹಳ್ಳಿ ಕಡೆಗೆ ಹೋದ ಮೇಲೆ ನನ್ನ ಮೊಣಕಾಲು ಹೋಯಿತು. ಕಾರಿನ ಕೆಳಗೆ ಮಲಗಿದರೆ ಏಳಲು ಇಬ್ಬರು ಬೇಕಾಯಿತು. ಕೆಲಸ ಬಿಟ್ಟೆ. ಕೊನೆಯ ದಿನ ಸಂಜೆ ಉಸ್ತಾದ್ ನನ್ನ ಗೇಜನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು. "ಇದು ನಿಂದೇ. ತಗೊಂಡ್ ಹೋಗು," ಅಂದರು.

ನಾನು ಕೈ ಚಾಚಲಿಲ್ಲ.

"ಇದು ನಂಗ ಬರೋದಲ್ಲ ಉಸ್ತಾದ್. ವಕೀಲರ ಕಾರು ಬಂದ ದಿನನ ನಂಗ ಗೊತ್ತಾಗಿತ್ತು. ಅವತ್ತ ಹೇಳಿದ್ರ ನಂಜುಂಡನ ಗಾಡಿ ಉಳೀತಿತ್ತು. ಸುಮ್ನ ಮನಿಗೆ ಹೋದೆ."

ಅವರು ಟವೆಲ್ಲನ್ನು ಮೇಜಿನ ಮೇಲಿಟ್ಟರು.

"ನಂಗೂ ಗೊತ್ತಿತ್ತು," ಅಂದರು. "ಪೇಪರ್ ಹಿಂದಿನಿಂದ ನೋಡ್ತಿದ್ದೆ. ನೀನು ಬೆರಳು ಉಜ್ಜಿ ಸೆರಗಿಗೆ ಒರೆಸಿಕೊಂಡಿದ್ದು ನೋಡ್ದೆ. ನೀನು ಹೋದ್ಮೇಲೆ ನಾನೂ ಉಜ್ಜಿ ನೋಡ್ದೆ. ಎಲ್ಲರ ಮುಂದೆ ಓದು ಬರಲ್ಲ ಅನ್ಬೇಕಲ್ಲ ಅಂತ ಶರಮ್ ಆಯ್ತು. ಚುಪ್ ಕೂತ್ಬಿಟ್ಟೆ."

"ಅಂದ್ರ ನಂಜುಂಡನ ಗಾಡಿ ಇಬ್ರದೂ ರೀ."

"ಹೌ. ಇಬ್ರದೂ."

"ಮತ್ತ ಪೊರಕೆ?"

"ಪೊರಕೆನೂ ಇಬ್ರಿಗೂ," ಎಂದು ಉಸ್ತಾದ್ ಎದ್ದರು. ಮೂಲೆಯಲ್ಲಿದ್ದ ಪೊರಕೆ ನನಗೆ ಕೊಟ್ಟರು, ಹಿತ್ತಿಲಿನಿಂದ ಇನ್ನೊಂದು ತಂದರು. ಇಬ್ಬರೂ ಸೇರಿ ಶೆಡ್ಡು ಗುಡಿಸಿದೆವು, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ. ಆರೋಗ್ಯಂ ಕಾರಿನ ಕೆಳಗಿನಿಂದ ತಲೆ ಹೊರಗೆ ಹಾಕಿ ನೋಡಿ, ಮತ್ತೆ ಒಳಗೆ ಹೋದ.

ಅಷ್ಟು ದೊಡ್ಡ ಮೆಕ್ಯಾನಿಕ್, ಉಸ್ತಾದರಿಗೆ ಗುಡಿಸಲು ಬರುವುದಿಲ್ಲ. ಕಪಾಟಿನ ಕೆಳಗಿನ ಧೂಳನ್ನು ಹಾಗೇ ಬಿಟ್ಟಿದ್ದರು. ಅದನ್ನೂ ಗುಡಿಸಿ, ಕೈ ತೊಳೆದುಕೊಂಡು, ಗೇಜ್ ತೆಗೆದುಕೊಂಡು ಮನೆಗೆ ಬಂದೆ.